ಕಲಿಂಬಾದ ‘ಜಿರ್’ ಸದ್ದು: ತೆಗೆಯಬೇಕಾ, ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನಾನು ಯಲ್ಲಾಪುರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಆನ್‌ಲೈನ್‌ನಲ್ಲಿ 17 ಕೀಗಳ ಕಲಿಂಬಾ ತರಿಸಿದೆ, ಪೆಟ್ಟಿಗೆಯ ಮೇಲೆ ಕೂರಿಸಿದ ಕಬ್ಬಿಣದ ಪಟ್ಟಿಗಳನ್ನು (ಇವೇ ಕೀಗಳು) ಹೆಬ್ಬೆರಳಿಂದ ಮೀಟುವ ಪುಟ್ಟ ವಾದ್ಯ. ಅದರಲ್ಲಿ ಒಂದು ಕೀ ಮೀಟಿದರೆ ಜಿರ್ ಎನ್ನುತ್ತದೆ. ಆದರೆ ಇದೇ ಥರದ, ಜಿಂಬಾಬ್ವೆಯ ಎಂಬಿರಾ ಎಂಬ ವಾದ್ಯದ ವಿಡಿಯೋಗಳನ್ನು ನೋಡಿದರೆ ಅಲ್ಲಿ ಇಡೀ ವಾದ್ಯವೇ ಜಿರ್ ಎನ್ನುತ್ತದೆ, ಮೇಲಿಂದ ಸೋಡಾ ಬಾಟಲಿಯ ಮುಚ್ಚಳಗಳನ್ನು ಬೇರೆ ಹೊಡೆದಿರುತ್ತಾರೆ. ಯಾವುದು ಸರಿ? ಮಕ್ಕಳ ಜೊತೆ ಇಂಥದ್ದೊಂದನ್ನು ಶಾಲೆಯಲ್ಲೇ ಮಾಡಬಹುದಾ? ಯಾವ ಮರ, ಯಾವ ಕಬ್ಬಿಣ? ನಮ್ಮ ಸರಿಗಮ ಅದರಲ್ಲಿ ಬರುತ್ತಾ? ನಮ್ಮಲ್ಲಿ ಸಿದ್ದಿ ಮಕ್ಕಳೂ ಇದ್ದಾರೆ. ಇದು ನಿಮ್ಮ ಹಿರಿಯರ ವಾದ್ಯ ಎಂದು ಅವರಿಗೆ ಹೇಳಬಹುದಾ?

ಉತ್ತರ:

ನಮಸ್ಕಾರ ಮೇಡಂ. ಮೊದಲು ನಿಮ್ಮ ಆ ಒಂದು ಕೀ ಸರಿ ಮಾಡಿಬಿಡೋಣ. ಆಮೇಲೆ ದೊಡ್ಡ ಮಾತು.

ಹದಿನೇಳರಲ್ಲಿ ಒಂದೇ ಒಂದು ಕೀ ಜಿರ್ ಎನ್ನುತ್ತಿದ್ದರೆ ಅದು ದೋಷವೇ. ಬಹಳ ಸಲ ಆ ಕೀ ಬ್ರಿಜ್ಜಿನ (ಕೀಗಳ ಕೆಳಗೆ ಅಡ್ಡಲಾಗಿರುವ ಸರಳು) ಮೇಲೆ ಸರಿಯಾಗಿ ಕೂತಿರುವುದಿಲ್ಲ. ಕೀ ಮತ್ತು ಬ್ರಿಜ್ಜಿನ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ಕೀ ಅಲ್ಲಿ ಪಟಪಟ ಬಡಿಯುತ್ತದೆ. ಕೀಯನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ ನೋಡಿ. ಪಕ್ಕದ ಕೀಗೆ ತಾಗುತ್ತಿದೆಯಾ ಎಂದೂ ನೋಡಿ. ಹೋಗದಿದ್ದರೆ ಕೀಯ ಕೆಳಗೆ, ಬ್ರಿಜ್ಜಿನ ಮೇಲೆ ಎಮರಿ ಪೇಪರಿನ ಸಣ್ಣ ಚೂರು ತೂರಿಸಿ ನಾಲ್ಕೈದು ಸಲ ಎಳೆಯಿರಿ. ಅಲ್ಲಿ ಕಬ್ಬಿಣದ ಸಣ್ಣ ಮುಳ್ಳು ಎದ್ದಿದ್ದರೆ ಅದು ಸವೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ತೆಳು ಕಾಗದದ ಒಂದು ಚೂರನ್ನು ಅಲ್ಲೇ ಬಿಟ್ಟುಬಿಡಿ. ನಾಲ್ಕಾರು ಕೀಗಳು ಒಟ್ಟಿಗೆ ಜಿರ್ ಎಂದರೆ ಮಾತ್ರ ಪೆಟ್ಟಿಗೆಯ ಅಂಟು ಬಿಟ್ಟಿದೆಯಾ ಎಂದು ಅಂಚುಗಳನ್ನು ಒತ್ತಿ ನೋಡಬೇಕು.

ಈಗ ಎಂಬಿರಾದ ಸದ್ದಿನ ವಿಷಯ. ಅದು ದೋಷವಲ್ಲ. ಅದೇ ಆ ವಾದ್ಯದ ದನಿ.

ಇದು ನನಗೆ ತಿಳಿದದ್ದು ತಡವಾಗಿ. ಬಹಳ ವರ್ಷದ ಹಿಂದೆ ಸ್ನೇಹಿತರೊಬ್ಬರು ಹರಾರೆಯಿಂದ ಒಂದು ಎಂಬಿರಾ ತಂದುಕೊಟ್ಟರು. ಹಲಗೆಯ ಕೆಳಭಾಗದಲ್ಲಿ ಒಂದು ತಗಡು, ಅದರ ಮೇಲೆ ಸಡಿಲವಾಗಿ ಕಟ್ಟಿದ ಬಾಟಲಿ ಮುಚ್ಚಳಗಳು. ಸದ್ದು ಸ್ವಚ್ಛವಾಗಲಿ ಎಂದು ನಾನು ಇಕ್ಕಳ ಹಿಡಿದು ಮುಚ್ಚಳಗಳನ್ನೆಲ್ಲ ಕಿತ್ತೆ. ಕೆಲವು ದಿನಗಳ ಮೇಲೆ, ಇಲ್ಲಿ ಓದಲು ಬಂದಿದ್ದ ಜಿಂಬಾಬ್ವೆಯ ಹುಡುಗನೊಬ್ಬ ಮನೆಗೆ ಬಂದ. ವಾದ್ಯ ಕೈಗೆತ್ತಿಕೊಂಡು ಎರಡು ಸಲ ಮೀಟಿದ, ನಿಲ್ಲಿಸಿದ. ಮೇಜಿನ ಮೇಲೆ ಡಬ್ಬಿಯಲ್ಲಿದ್ದ ಮುಚ್ಚಳಗಳು ಅವನ ಕಣ್ಣಿಗೆ ಬಿದ್ದವು. ಏನೂ ಮಾತಾಡದೆ ತಂತಿ ಕೇಳಿ ಪಡೆದು ಒಂದೊಂದನ್ನೂ ಮತ್ತೆ ಕಟ್ಟಿದ. ಪ್ರತಿ ಮುಚ್ಚಳವನ್ನೂ ಉಗುರಿನಿಂದ ಚಿಮ್ಮಿ, ಕಿವಿಗೆ ಹಿಡಿದು, ಬಿಗಿಯಾಗಿದ್ದರೆ ಸಡಿಲಿಸಿದ. ಅರ್ಧ ಗಂಟೆ ಹಿಡಿಯಿತು. ಆಮೇಲೆ ನುಡಿಸಿದಾಗ ಬಂದದ್ದು ಬೇರೆಯೇ ವಾದ್ಯ. ಸ್ವರಗಳ ಸುತ್ತ ಸಣ್ಣ ಮಳೆ ಹಿಡಿದ ಹಾಗೆ.

ನಮಗೆ ಇದು ಹೊಸದೇನಲ್ಲ, ಅಲ್ವಾ? ತಂಬೂರಿಯ ತಂತಿಯ ಕೆಳಗೆ, ಬ್ರಿಜ್ಜಿನ ಮೇಲೆ ಒಂದು ಎಳೆ ನೂಲು ಇಡುತ್ತೇವೆ. ಅದನ್ನು ಸರಿಸಿ ಸರಿಸಿ ‘ಜೀವಾ’ ಕೂಡಿಸುತ್ತೇವೆ. ಧಾರವಾಡದ ಕಡೆ ‘ಜವಾರಿ’ ಎನ್ನುತ್ತಾರೆ. ನೂಲು ತೆಗೆದರೆ ತಂಬೂರಿ ಸುಮ್ನೆ ಟಂಗ್ ಎನ್ನುತ್ತದೆ, ಅಷ್ಟೆ. ಎಂಬಿರಾದ ಮುಚ್ಚಳಗಳೂ ಅದೇ ಕೆಲಸ ಮಾಡುತ್ತವೆ. ಮೊದಲು ಅವುಗಳ ಜಾಗದಲ್ಲಿ ಬಸವನಹುಳುವಿನ ಚಿಪ್ಪು, ಕಪ್ಪೆಚಿಪ್ಪು ಇರುತ್ತಿದ್ದವು.

ಈ ವಾದ್ಯದ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ, ಮಕ್ಕಳಿಗೆ ಹೇಳಲು ಬೇಕಾಗುತ್ತದೆ. ಜಿಂಬಾಬ್ವೆಯ ಶೋನಾ ಜನರ ದೊಡ್ಡ ಎಂಬಿರಾಗೆ ‘ಎಂಬಿರಾ ಜಾವಾಜಿಮು’ ಎಂದು ಹೆಸರು. ಅಂದರೆ ಹಿರಿಯರ ಆತ್ಮಗಳ ಎಂಬಿರಾ. ‘ಬಿರಾ’ ಎಂಬ ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ, ತೀರಿಹೋದ ಹಿರಿಯರನ್ನು ಕರೆಯಲು ಇದನ್ನು ನುಡಿಸುತ್ತಾರೆ. ಹಿರಿಯರು ಯಾರದೋ ಮೈಮೇಲೆ ಬಂದು ಮಾತಾಡುತ್ತಾರೆ. ನಮ್ಮ ಊರುಗಳಲ್ಲಿ ದೇವರು ಮೈಮೇಲೆ ಬರುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ವಾದ್ಯದಲ್ಲಿ 22ರಿಂದ 28 ಕೀಗಳು. ಅವು ಮೂರು ಗುಂಪಾಗಿರುತ್ತವೆ: ಎಡಗಡೆ ಮೇಲೊಂದು ಕೆಳಗೊಂದು, ಬಲಗಡೆ ಒಂದು. ಎಡ ಹೆಬ್ಬೆರಳು ಎಡಗಡೆಯವನ್ನು ಕೆಳಕ್ಕೆ ಒತ್ತಿ ಬಿಡುತ್ತದೆ. ಬಲ ಹೆಬ್ಬೆರಳೂ ಹಾಗೆಯೇ. ಆದರೆ ಬಲ ತೋರುಬೆರಳು ಕೆಳಗಿನಿಂದ ಮೇಲಕ್ಕೆ ಮೀಟುತ್ತದೆ. ಹಲಗೆಯ ಬಲ ಮೂಲೆಯಲ್ಲಿ ಒಂದು ತೂತು ಇರುತ್ತದೆ. ಅದರೊಳಗೆ ಕಿರುಬೆರಳು ತೂರಿಸಿದರೆ ವಾದ್ಯ ಅಲುಗುವುದಿಲ್ಲ. ಇಡೀ ಹಲಗೆಯನ್ನು ‘ದೇಜೆ’ ಎಂಬ ದೊಡ್ಡ ಬುರುಡೆಯೊಳಗೆ ಇಟ್ಟು ನುಡಿಸುತ್ತಾರೆ. ಪಕ್ಕದಲ್ಲಿ ‘ಹೋಶೋ’, ಅಂದರೆ ಬೀಜ ತುಂಬಿದ ಒಂದು ಜೊತೆ ಬುರುಡೆ ಗಿಲಕಿ.

1586ರಲ್ಲಿ ಆ ಕಡೆ ಇದ್ದ ಪೋರ್ಚುಗೀಸ್ ಪಾದ್ರಿ ಜುವಾಂವ್ ದೋಸ್ ಸಾಂತೋಸ್ ಒಂಬತ್ತು ಕಬ್ಬಿಣದ ಕೀಗಳಿದ್ದ ‘ಅಂಬಿರಾ’ದ ಬಗ್ಗೆ ಬರೆದಿದ್ದಾನೆ. ಹೆಬ್ಬೆರಳಿಂದ ನುಡಿಸುತ್ತಾರೆ, ಸದ್ದು ಮೆದು ಮತ್ತು ಇಂಪು ಎಂಬುದು ಅವನ ವರ್ಣನೆ. ಮುಂದೆ ವಸಾಹತು ಕಾಲದಲ್ಲಿ ಬಂದ ಮಿಷನರಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ದೆವ್ವದ ಪೂಜೆಯ ವಾದ್ಯ ಎಂದರು. ಹಾಗಿದ್ದೂ ಹಳ್ಳಿಗಳಲ್ಲಿ ಉಳಿಯಿತು. ಸ್ಟೆಲ್ಲಾ ಚಿವೆಶೆ ಎಂಬ ಹೆಣ್ಣುಮಗಳು 1960ರ ದಶಕದಲ್ಲಿ ಇದನ್ನು ಕಲಿಯಲು ಹೊರಟಾಗ ಹೆಂಗಸಿಗೆ ಕಲಿಸಲು ಜನ ಹಿಂಜರಿದರು. ಮುಂದೆ ಜಗತ್ತೆಲ್ಲ ಅವರನ್ನು ಎಂಬಿರಾದ ರಾಣಿ ಎಂದು ಕರೆಯಿತು. ಅವರು ತೀರಿಕೊಂಡದ್ದು 2023ರಲ್ಲಿ. ನಿಮ್ಮ ಹುಡುಗಿಯರಿಗೆ ಅವರ ನುಡಿಸುವಿಕೆಯನ್ನು ಖಂಡಿತ ಕೇಳಿಸಿ. ಎಂಬಿರಾ ಮಾಡುವ ಮತ್ತು ನುಡಿಸುವ ಕಲೆಯನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾದರೆ ನಿಮ್ಮ ಕೈಯಲ್ಲಿರುವ ಕಲಿಂಬಾ? ಅದು ಈ ಮನೆತನದ ಹೊಸ ಕುಡಿ. ಹ್ಯೂ ಟ್ರೇಸಿ ಎಂಬ ಇಂಗ್ಲಿಷ್ ಮನುಷ್ಯ ದಕ್ಷಿಣ ಆಫ್ರಿಕಾದ ಸುತ್ತಮುತ್ತಲ ಸಂಗೀತವನ್ನು ದಶಕಗಳ ಕಾಲ ಊರೂರು ಅಲೆದು ಧ್ವನಿಮುದ್ರಿಸಿದರು. 1954ರಲ್ಲಿ ಆಫ್ರಿಕನ್ ಸಂಗೀತಕ್ಕೊಂದು ಸಂಗ್ರಹಾಲಯವನ್ನೇ ಕಟ್ಟಿದರು. ಹೊರಗಿನವರೂ ನುಡಿಸಲಿ ಎಂದು ಪಾಶ್ಚಾತ್ಯ ಸ್ವರಕ್ಕೆ ಕೂಡಿಸಿ, ಪೆಟ್ಟಿಗೆಯ ಮೇಲೆ ಕೀ ಕೂರಿಸಿ, ಮುಚ್ಚಳಗಳ ಗೊಡವೆ ಇಲ್ಲದೆ ಮಾಡಿ ಮಾರಿದ್ದೇ ಕಲಿಂಬಾ. ಅವರ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಆ ಸ್ವಚ್ಛ ಸದ್ದೇ ಅಸಲಿ, ಉಳಿದದ್ದು ಒರಟು ಎಂಬ ಭಾವನೆ ಬಂದುಬಿಟ್ಟರೆ ನಷ್ಟ ನಮಗೇ.

ಇನ್ನು ಮಾಡುವ ಕೆಲಸ. ಖಂಡಿತ ಮಾಡಬಹುದು. ಮತ್ತು ನಿಮ್ಮ ಊರಿಗಿಂತ ಒಳ್ಳೆ ಜಾಗ ಇಲ್ಲ, ಯಾಕೆ ಅಂತ ಕೇಳಿ.

ಶೋನಾ ಜನ ಎಂಬಿರಾದ ಹಲಗೆಗೆ ಬಳಸುವ ಮರದ ಹೆಸರು ಮುಬ್ವಮರೋಪ. ರಕ್ತ ಬರುವ ಮರ ಎಂದು ಅರ್ಥ. ಕಡಿದರೆ ಕೆಂಪು ಹಾಲು ಸುರಿಯುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಹೊನ್ನೆ. ಹುಡುಕಿ ನೋಡಿದರೆ ಎರಡೂ ಒಂದೇ ಕುಲದ ಮರಗಳು! ಅದು ಟೆರೊಕಾರ್ಪಸ್ ಅಂಗೊಲೆನ್ಸಿಸ್, ನಮ್ಮದು ಟೆರೊಕಾರ್ಪಸ್ ಮಾರ್ಸುಪಿಯಂ. ರಕ್ತಚಂದನವೂ ಅದೇ ಕುಲ. ಸಕ್ಕರೆ ಕಾಯಿಲೆಯವರು ನೀರಿಟ್ಟು ಕುಡಿಯುವ ಲೋಟದ ಮರ ಇದೆಯಲ್ಲ, ಅದೇ ಹೊನ್ನೆ. ಗಟ್ಟಿ, ಆದರೆ ಕಲ್ಲಿನಂತೆ ಸತ್ತದ್ದಲ್ಲ. ಬೆರಳಲ್ಲಿ ಕುಟ್ಟಿದರೆ ಟಣ್ ಎಂದು ಉತ್ತರ ಕೊಡುತ್ತದೆ. ಹೊಸ ಮರ ಕಡಿಸಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಕಾಯಿದೆಯೂ ಇದೆ, ಮರವೂ ಕಡಿಮೆಯಾಗಿದೆ. ಆಚಾರಿಗಳ ಹತ್ತಿರ ಹಳೇ ಬಾಗಿಲು, ಮಂಚದ ತುಂಡು ಸಿಗುತ್ತದೆ. ಹಳೆಯದೇ ಒಳ್ಳೆಯದು, ಚೆನ್ನಾಗಿ ಒಣಗಿರುತ್ತದೆ. 18 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಹಲಗೆ ಸಾಕು. ಹೊನ್ನೆ ಸಿಗದಿದ್ದರೆ ಸಾಗುವಾನಿ. ಪ್ಲೈವುಡ್ ಮಾತ್ರ ಬೇಡ, ಅಂಟಿನ ಪದರಗಳು ಸದ್ದನ್ನು ನುಂಗಿಬಿಡುತ್ತವೆ.

ಕಬ್ಬಿಣಕ್ಕೆ ಸೈಕಲ್ ಸ್ಪೋಕ್. ಜಿಂಬಾಬ್ವೆಯ ಕುಶಲಕರ್ಮಿಗಳು ಹಿಂದೆ ಅದಿರು ಕರಗಿಸಿ ಕೀ ಬಡಿಯುತ್ತಿದ್ದರು. ಈಗ ಅವರೂ ಮೊಳೆ, ಹಾಸಿಗೆಯ ಸ್ಪ್ರಿಂಗ್, ಸ್ಪೋಕ್ ಬಳಸುತ್ತಾರೆ. ಸ್ಪೋಕ್ ಸುಮಾರು 2 ಮಿ.ಮೀ. ದಪ್ಪ ಇರುತ್ತದೆ. ಅದನ್ನು 11 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ 1 ಮಿ.ಮೀ. ಆಗುವ ತನಕ ಬಡಿಯಿರಿ. ಊರಲ್ಲಿ ಕುಲುಮೆ ಇದ್ದರೆ ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ. ತುದಿಯನ್ನು ಇನ್ನೂ ಸ್ವಲ್ಪ ಅಗಲ ಮಾಡಿ, ಹೆಬ್ಬೆರಳಿಗೆ ಹಿತವಾಗುತ್ತದೆ. ಅಂಚನ್ನು ಅರದಿಂದ ಪೂರಾ ನುಣುಪು ಮಾಡಲೇಬೇಕು. ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಮಕ್ಕಳ ಉಗುರಿನ ಸಂದು ಕಿತ್ತುಬರುತ್ತದೆ. ಬಡಿಯುವಾಗ ಎಲ್ಲರಿಗೂ ಕಣ್ಣಿಗೆ ಕನ್ನಡಕ ಇರಲಿ.

ಕೂರಿಸುವುದು ಹೀಗೆ. ಹಲಗೆಯ ಮೇಲೆ ಅಡ್ಡಲಾಗಿ ಎರಡು ಏಣು ಇರಬೇಕು. ಬೆರಳಿನ ಕಡೆಗಿರುವುದು 6 ಮಿ.ಮೀ. ಸರಳು, ಅದೇ ಬ್ರಿಜ್. ಅದರಿಂದ ಮೂರು ಸೆಂ.ಮೀ. ಹಿಂದೆ ಒಂದು ಮರದ ಪಟ್ಟಿ. ಕೀಗಳು ಇವೆರಡರ ಮೇಲೆ ಮಲಗುತ್ತವೆ. ನಡುವೆ, ಕೀಗಳ ಮೇಲಿನಿಂದ ಇನ್ನೊಂದು 4 ಮಿ.ಮೀ. ಸರಳು ಹಾಯಿಸಿ ಅದನ್ನು ಕೆಳಕ್ಕೆ ಬಿಗಿಯಬೇಕು. ಎರಡೆರಡು ಕೀಗಳ ನಡುವೆ ಹಲಗೆಗೆ ತೂತು ಕೊರೆದು, ಗಟ್ಟಿ ತಂತಿಯಿಂದ ಸರಳನ್ನು ಸುತ್ತಿ, ಹಿಂಬದಿಯಲ್ಲಿ ಇಕ್ಕಳದಿಂದ ತಿರುಚಿ. ಹೆಚ್ಚಿನವರು ಸೋಲುವುದು ಇಲ್ಲೇ. ಬಿಗಿ ಸಾಲದಿದ್ದರೆ ಕೀ ‘ಟಕ್’ ಎಂದು ಸಾಯುತ್ತದೆ. ಇನ್ನು ಸಾಕು ಅನ್ನಿಸಿದ ಮೇಲೂ ಎರಡು ಸುತ್ತು ತಿರುಚಿ. ತಂತಿ ಹರಿದರೆ ಹರಿಯಲಿ, ಇನ್ನೊಂದು ಹಾಕಿದರಾಯಿತು.

ನೀವು ವಿಜ್ಞಾನದವರು, ಆದ್ದರಿಂದ ಈ ಭಾಗ ನಿಮಗೆ ಖುಷಿ ಕೊಡುತ್ತದೆ. ವೀಣೆಯ ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ ಬರುತ್ತದೆ. ಕೀಯನ್ನು ಅರ್ಧ ಮಾಡಿದರೆ? ಎರಡು ಸ್ಥಾಯಿ ಮೇಲೆ ಹೋಗಿಬಿಡುತ್ತದೆ! ಒಂದು ಕಡೆ ಬಿಗಿದು ಇನ್ನೊಂದು ಕಡೆ ಬಿಟ್ಟ ಪಟ್ಟಿಯ ಕಂಪನ ಅದರ ಉದ್ದದ ವರ್ಗಕ್ಕೆ ವಿಲೋಮ. ಉದ್ದ ಅರ್ಧವಾದರೆ ಕಂಪನ ನಾಲ್ಕು ಪಟ್ಟು. ನಮ್ಮ ಮೋರ್ಸಿಂಗಿನ ನಾಲಿಗೆಯೂ ಹೀಗೇ ಒಂದು ಕಡೆ ಬಿಗಿದದ್ದೇ. ಒಂದು ಇದ್ದರೆ ಮಕ್ಕಳ ಮುಂದಿಡಿ. 1 ಮಿ.ಮೀ. ದಪ್ಪದ ಉಕ್ಕಿನ ಕೀ ಬ್ರಿಜ್ಜಿನಿಂದ ಹೊರಗೆ 60 ಮಿ.ಮೀ. ಚಾಚಿದರೆ ಸುಮಾರು 230 ಹರ್ಟ್ಸ್ ಬರಬೇಕು. ಹಾರ್ಮೋನಿಯಂನ ಐದನೇ ಕರಿ ಮನೆಯ ಹತ್ತಿರ. ಅದನ್ನೇ ಸ ಎಂದಿಟ್ಟುಕೊಳ್ಳಿ. ಆಗ ಶಂಕರಾಭರಣದ ರಿ 56.6, ಗ 53.7, ಮ 52, ಪ 49, ದ 46.5, ನಿ 43.8, ಮೇಲಿನ ಸ 42.4 ಮಿ.ಮೀ. ಈ ಎಂಟು ಅಳತೆಗಳನ್ನು ಮಕ್ಕಳೇ ಲೆಕ್ಕ ಹಾಕಲಿ. ಸ್ವರದ ಅನುಪಾತದ ವರ್ಗಮೂಲದಿಂದ 60ನ್ನು ಭಾಗಿಸಿದರೆ ಆಯಿತು. ಕೈಯಲ್ಲಿ ಬಡಿದ ಕಬ್ಬಿಣ ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ದಪ್ಪ ಒಂದೊಂದರದ್ದು ಒಂದೊಂದು ಥರ. ಲೆಕ್ಕ ಎಷ್ಟು ಬಂತು, ಕಿವಿ ಎಲ್ಲಿ ನಿಲ್ಲಿಸಿತು ಎಂದು ಎರಡು ಕಾಲಂನಲ್ಲಿ ಬರೆಸಿ. ನನಗೆ ಗೊತ್ತಿರುವ ಅತ್ಯುತ್ತಮ ಧ್ವನಿ ಪಾಠ ಇದು.

ಶ್ರುತಿ ಮಾಡಲು ಕೀಯ ಹಿಂತುದಿಗೆ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಕೀ ಮುಂದೆ ಚಾಚಿದರೆ ಸ್ವರ ಇಳಿಯುತ್ತದೆ, ಮುಂದಿನಿಂದ ತಟ್ಟಿ ಒಳಗೆ ತಳ್ಳಿದರೆ ಏರುತ್ತದೆ. ತೀರಾ ಸಣ್ಣ ವ್ಯತ್ಯಾಸಕ್ಕೆ ತುದಿಯ ತಳಭಾಗವನ್ನು ಅರದಿಂದ ಸವೆಸಿದರೆ ಏರುತ್ತದೆ. ಇಳಿಸಬೇಕಾದರೆ ತುದಿಯ ಕೆಳಗೆ ಒಂದು ಚಿಟಿಕೆ ಜೇನುಮೇಣ ಅಂಟಿಸಿ. ಮೃದಂಗದ ಎಡಕ್ಕೆ ರವೆ ಹಚ್ಚುತ್ತಾರಲ್ಲ, ಅದೇ ತಂತ್ರ.

ಈಗ ಬುರುಡೆ. ಸೋರೆಬುರುಡೆಯ ಮೂಲ ಆಫ್ರಿಕಾವೇ, ನಮ್ಮ ಜೋಗಿಗಳ ಕಿನ್ನರಿಗೂ ಕಟ್ಟುವುದು ಬುರುಡೆಯನ್ನೇ. ಸೋರೆಕಾಯಿಯನ್ನು ಬಳ್ಳಿಯಲ್ಲೇ ಪೂರಾ ಬಲಿಯಲು ಬಿಡಿ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಬಾಯಿ ಕೊಯ್ದು, ನೀರು ತುಂಬಿಟ್ಟು, ಒಳಗಿನ ತಿರುಳು ಮೆತ್ತಗಾದ ಮೇಲೆ ಕೆರೆದು ಒಣಗಿಸಿ. ಹಲಗೆ ಒಳಗೆ ಕೂರುವಷ್ಟು ದೊಡ್ಡದು ಸಿಗದಿದ್ದರೆ ಪ್ಲಾಸ್ಟಿಕ್ ಬಕೆಟ್ಟಿನ ಮೇಲಿಟ್ಟು ನುಡಿಸಿದರೂ ನಡೆಯುತ್ತದೆ. ಜಿಂಬಾಬ್ವೆಯಲ್ಲೂ ಈಗ ಫೈಬರ್ ದೇಜೆಗಳು ಬಂದಿವೆ.

ಕೊನೆಯದಾಗಿ ಮುಚ್ಚಳ. ಹಳೇ ಡಬ್ಬಿಯ ತಗಡನ್ನು ಹಲಗೆಯ ಕೆಳಭಾಗಕ್ಕೆ ಮೊಳೆ ಹೊಡೆಯಿರಿ. ಸೋಡಾ ಮುಚ್ಚಳಕ್ಕೆ ತೂತು ಮಾಡಿ, ತಂತಿಯಿಂದ ತಗಡಿಗೆ ಸಡಿಲವಾಗಿ ಕಟ್ಟಿ. ಮೂರರಿಂದ ಶುರು ಮಾಡಿ. ತುಂಬಾ ಸಡಿಲವಾದರೆ ಕಟಕಟ ಎನ್ನುತ್ತದೆ, ಬಿಗಿಯಾದರೆ ಮೂಗ. ಮೀಟಿದ ಸ್ವರದ ಜೊತೆಯೇ ಎದ್ದು, ಅದರ ಜೊತೆಯೇ ಆರುವ ಜಿರ್ ಬಂದರೆ ಅಲ್ಲಿ ನಿಲ್ಲಿಸಿ. ಮೊದಲು ಮುಚ್ಚಳ ಇಲ್ಲದೆ, ಆಮೇಲೆ ಮುಚ್ಚಳದ ಜೊತೆ ಮಕ್ಕಳಿಗೆ ಕೇಳಿಸಿ. ನಿಮ್ಮ ಕಲಿಂಬಾದ ಆ ಒಂದು ಕೀಯ ದೋಷಕ್ಕೂ ಇದಕ್ಕೂ ಇರುವ ವ್ಯತ್ಯಾಸ ಯಾರೂ ಹೇಳದೆ ಗೊತ್ತಾಗುತ್ತದೆ.

ಸರಿಗಮ ಬರುತ್ತಾ ಎಂದಿರಿ. ಕಲಿಂಬಾದಲ್ಲಿ ನಡುವಿನ ಉದ್ದ ಕೀ ಸ. ಎಡಕ್ಕೆ ರಿ, ಬಲಕ್ಕೆ ಗ, ಎಡಕ್ಕೆ ಮ, ಬಲಕ್ಕೆ ಪ. ಹೀಗೆ ಅತ್ತ ಇತ್ತ ಹೋಗುತ್ತದೆ. ಬಂದಾಗಲೇ ಅದು ಶಂಕರಾಭರಣ. ಮ, ನಿ ಮುಟ್ಟದಿದ್ದರೆ ಮೋಹನ. ಎಡಗಡೆಯ ಎರಡನೇ ಕೀ, ಬಲಗಡೆಯ ಐದನೇ ಕೀ, ಇವೆರಡೂ ಮಧ್ಯಮ. ಎರಡನ್ನೂ ಅರ್ಧ ಸ್ವರ ಏರಿಸಿದರೆ ಕಲ್ಯಾಣಿ. ಸರಳೆ ವರಸೆಗೆ ಮಾಯಾಮಾಳವಗೌಳ ಬೇಕಾದರೆ ಮೂರು ರಿ, ಎರಡು ದ, ಒಟ್ಟು ಐದು ಕೀ ಇಳಿಸಬೇಕು. 60 ಮಿ.ಮೀ. ಕೀಯನ್ನು 2 ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಹೊರಗೆಳೆದರೆ ಅರ್ಧ ಸ್ವರ ಇಳಿಯುತ್ತದೆ. ಗಮಕ ಮಾತ್ರ ಬರುವುದಿಲ್ಲ, ಆ ಆಸೆ ಬಿಡಿ. ಗಮಕ ಹೆಚ್ಚಿಲ್ಲದ ಜನಪದ ಹಾಡುಗಳು ಇದರಲ್ಲಿ ಎಷ್ಟು ಚೆಂದ ಕೂರುತ್ತವೆ ಎಂದರೆ, ನೀವೇ ನೋಡಿ.

ಆದರೆ ನನ್ನದೊಂದು ಕೋರಿಕೆ. ನಮ್ಮ ಹಾಡಿಗೆ ಬಗ್ಗಿಸುವ ಮೊದಲು ಒಂದು ವಾರ ಆ ವಾದ್ಯದ ನಡೆ ಕಲಿಸಿ. ಎಂಬಿರಾದ ಹಾಡಿಗೆ ಮೊದಲು, ಕೊನೆ ಎಂಬುದಿಲ್ಲ. ಸಾಮಾನ್ಯವಾಗಿ 12 ಮಾತ್ರೆಯ ನಾಲ್ಕು ಸಾಲು, ಒಟ್ಟು 48 ಮಾತ್ರೆಯ ಒಂದು ಆವರ್ತ, ಅದು ಸುತ್ತುತ್ತಲೇ ಇರುತ್ತದೆ. ಒಬ್ಬರು ‘ಕುಶೌರಾ’ ನುಡಿಸುತ್ತಾರೆ, ಅಂದರೆ ಮುನ್ನಡೆಸುವ ಭಾಗ. ಇನ್ನೊಬ್ಬರದು ‘ಕುತ್ಸಿನ್ಹಿರಾ’, ಸಂದು ತುಂಬುವ ಭಾಗ. ಎಷ್ಟೋ ಹಾಡುಗಳಲ್ಲಿ ಎರಡನೆಯವರು ನುಡಿಸುವುದು ಮೊದಲನೆಯವರದ್ದನ್ನೇ, ಒಂದು ಮಾತ್ರೆ ತಡವಾಗಿ. ನಿಮ್ಮ ಮಕ್ಕಳಲ್ಲಿ ಒಬ್ಬಳು ‘ಸ ಗ ಪ, ಸ ಗ ದ’ ಎಂದು ತಿಶ್ರದಲ್ಲಿ ನುಡಿಸುತ್ತಾ ಹೋಗಲಿ. ಇನ್ನೊಬ್ಬಳು ಅದನ್ನೇ ಒಂದು ಮಾತ್ರೆ ಬಿಟ್ಟು ಹಿಡಿಯಲಿ. ಮೂರನೆಯವ ಬುರುಡೆ ಗಿಲಕಿ ಹಿಡಿಯಲಿ. ಐದು ನಿಮಿಷ ನಿಲ್ಲಿಸದೆ ನಡೆದರೆ, ಇಬ್ಬರೂ ನುಡಿಸದ ಮೂರನೇ ರಾಗವೊಂದು ನಡುವೆ ಕೇಳಿಸತೊಡಗುತ್ತದೆ. ಮುಚ್ಚಳದ ಸದ್ದು ಸ್ವರಗಳ ಅಂಚು ಕರಗಿಸುವುದರಿಂದ ಹೀಗಾಗುವುದು ಇನ್ನೂ ಸುಲಭ.

ಸಿದ್ದಿ ಮಕ್ಕಳ ವಿಷಯ. ಇದು ನಿಮ್ಮ ಹಿರಿಯರ ವಾದ್ಯ ಎಂದು ದಯವಿಟ್ಟು ಹೇಳಬೇಡಿ. ಸಿದ್ದಿಗಳಲ್ಲಿ ಬಹಳ ಜನರ ಪೂರ್ವಿಕರನ್ನು ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ತಂದದ್ದು ನಿಜ. ಆದರೆ ಆಫ್ರಿಕಾ ಒಂದು ಊರಲ್ಲ. ಅವರ ಮನೆಯಲ್ಲಿ ಈಗಲೂ ಬಾರಿಸುವ ವಾದ್ಯ ಇದೆ: ಡಮಾಮಿ. ಆ ಮಕ್ಕಳ ಅಜ್ಜನೋ ಅಜ್ಜಿಯೋ ಶಾಲೆಗೆ ಬಂದು ಡಮಾಮಿ ಬಾರಿಸಿ, ಅದರ ಚರ್ಮ ಹೇಗೆ ಬಿಗಿಯುತ್ತಾರೆ ಎಂದು ತೋರಿಸಲಿ. ಎಂಬಿರಾ ಅದರ ಪಕ್ಕದಲ್ಲಿ ಇರಲಿ, ಅದರ ಬದಲಿಗೆ ಅಲ್ಲ. ಗುಜರಾತಿನ ಸಿದ್ದಿಗಳಲ್ಲಿ ಬಿಲ್ಲಿಗೆ ಬುರುಡೆ ಕಟ್ಟಿದ ‘ಮಲುಂಗಾ’ ಇದೆ, ಅದರ ವಿಡಿಯೋ ಕೂಡ ಅದೇ ದಿನ ತೋರಿಸಬಹುದು.

ನಿಮ್ಮಲ್ಲಿ ಮಳೆ ಜಾಸ್ತಿ. ಜೂನ್ ಬರುವ ಮೊದಲು ಕೀಗಳಿಗೆ ಕೊಬ್ಬರಿ ಎಣ್ಣೆ ಒರೆಸಿ ಬಟ್ಟೆಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಬುರುಡೆಯನ್ನು ಅಡುಗೆಮನೆಯ ಅಟ್ಟದ ಮೇಲಿಡಿ, ಹೊಗೆ ತಾಗಿದರೆ ಹುಳು ಹಿಡಿಯುವುದಿಲ್ಲ. ಮೊದಲ ವಾದ್ಯ ಆದ ಮೇಲೆ ಎಂಟು ಕೀಗಳ ಅಳತೆ, ಎರಡೂ ಕಾಲಂ, ನನಗೆ ಬರೆದು ಕಳಿಸಿ. ಯಾವುದಾದರೂ ಕೀ ಮಂಕಾಗಿದ್ದರೆ ಎಲ್ಲಿ ಬಡಿಯಬೇಕು, ಎಲ್ಲಿ ಅರ ಹಾಕಬೇಕು ಎಂದು ತಿಳಿಸುತ್ತೇನೆ.